ಬಹಿಷ್ಕಾರ ಹಾಕಿದ ಹೋಟೆಲುಗಳೂ ಸುನಂದಮ್ಮನ ಊಟವೂ

ಗಾವಡಗೆರೆ ಹೋಬಳಿಯ ಶಿವನಂಜಪ್ಪನವರು ಹೆಂಡತಿ ಸುನಂದಮ್ಮನಿಗೆ ಒಂದು ಊಟ ಬಾಕಿ ಉಳಿಸಿಕೊಂಡು ಇಪ್ಪತ್ತಾರು ವರ್ಷವಾಗಿತ್ತು.

ಮನೆಯೂಟವಲ್ಲ, ಹೋಟೆಲೂಟ. ಮದುವೆಯಾದ ಹೊಸದರಲ್ಲಿ ಮೈಸೂರು ತೋರಿಸಿ ಊಟ ಹಾಕಿಸುತ್ತೇನೆಂದು ಬಸ್ಸು ಹತ್ತಿಸಿದ್ದರು. ಬಿಳಿಕೆರೆಯಲ್ಲಿ ರೈತರ ರಸ್ತೆತಡೆ. ಬಸ್ಸು ನಿಂತಿತು. "ಒಸಿ ಇಳ್ದು ನೋಡ್ಕಂಡು ಬತ್ತೀನಿ, ಸೀಟು ಹಿಡ್ಕೊಂಡಿರು" ಎಂದು ಇಳಿದ ಮದುಮಗ ಮನೆಗೆ ಬಂದಿದ್ದು ಮೂರನೆಯ ದಿನ, ಜಾಮೀನಿನ ಮೇಲೆ! ಜೊತೆಗೆ ಹದಿನೇಳು ಮಂದಿ ಹೋರಾಟಗಾರರು, ಹದಿನೇಳು ಹಸಿದ ಹೊಟ್ಟೆಗಳು. ಅವತ್ತು ಮುದ್ದೆ ತೊಳಸಲು ಕೋಲು ಹಿಡಿದ ಸುನಂದಮ್ಮ ಇನ್ನೂ ಕೆಳಗಿಟ್ಟಿಲ್ಲ.

ಈ ವರ್ಷ ಶುಂಠಿ ಕಿತ್ತು ಮಾರಿದ ಮೇಲೆ ಶಿವನಂಜಪ್ಪ ಜಗಲಿಯ ಮೇಲೆ ನಿಂತು ಘೋಷಿಸಿಯೇಬಿಟ್ಟರು. "ಎರಡು ದಿನ ಮೈಸೂರು! ಲಾಡ್ಜಲ್ಲಿ ವಾಸ! ಹೊತ್ತೊತ್ತಿಗೆ ಹೋಟ್ಲು ಊಟ!" ಮೂವತ್ತು ವರ್ಷ ಬೀದಿಯಲ್ಲಿ ಪಳಗಿದ ಗಂಟಲು. ಆಚೆ ಬೀದಿಯ ನಾಯಿಯೂ ಎದ್ದು ಕೂತಿತು.

ಮೈಸೂರಿನಲ್ಲಿ ನೆಂಟರ ಮನೆಗಳು ಏಳಿದ್ದವು. ಲಾಡ್ಜು ಯಾಕೆ? ಅದು ಸುನಂದಮ್ಮನ ಷರತ್ತು. ಏಳು ಮನೆಯಲ್ಲೂ ಅವರು ಚಪ್ಪಲಿ ಬಿಡುವ ಮೊದಲೇ "ಅಕ್ಕನ ಕೈ ಸಾರು ತಿಂದು ಎಷ್ಟು ದಿನ ಆಯ್ತು!" ಎಂದು ಅವರೆಕಾಯಿಯ ಮೊರವನ್ನು ಮಡಿಲಿಗೆ ಇಡುತ್ತಾರೆ.

"ನೋಡಿ, ನಂಗೆ ಅರಮನೆ ಬ್ಯಾಡ, ಮೃಗಾಲಯ ಬ್ಯಾಡ," ಎಂದರು ಸುನಂದಮ್ಮ. "ಎಲೆ ಮುಂದೆ ನಾನು ಕೂತಿರ್ಬೇಕು, ಇನ್ಯಾರೋ ಬಡಿಸ್ಬೇಕು. ಉಂಡ ಮೇಲೆ ನಾನು ಎಲೆ ಎತ್ತಬಾರ್ದು. ಅಷ್ಟೇಯ."

"ಅಷ್ಟೇನಾ? ಮೈಸೂರಿನ ಬೀದಿಬೀದಿ ನಂಗೆ ಗೊತ್ತು ಕಣೆ. ದುಬಾರೀನೂ ಅಲ್ಲ, ಕಳಪೇನೂ ಅಲ್ಲ, ಅಂಥ ಹೋಟ್ಲು ಹತ್ತು ನಿಮಿಷದಲ್ಲಿ ಹುಡುಕ್ತೀನಿ!"

ಲಾಡ್ಜಿನ ಮ್ಯಾನೇಜರ್ ಮಕ್ಬೂಲ್ ಕೆ.ಆರ್. ನಗರದವನು. ಊರ ಕಡೆಯವರೆಂಬ ಅಭಿಮಾನಕ್ಕೆ, ಕೇಳದಿದ್ದರೂ ಹೇಳಿದ: "ಯಜಮಾನ್ರೇ, ಇದೇ ರಸ್ತೇಲಿ ನಾಕು ಹೋಟ್ಲವೆ. ನಾಕೂ ಚೆನ್ನಾಗವೆ. ರೇಟೂ ಪರ್ವಾಗಿಲ್ಲ."

"ನಂಗೇ ಮೈಸೂರು ಹೇಳಿಕೊಡ್ತೀಯೇನಪ್ಪ!" ಎಂದು ಶಿವನಂಜಪ್ಪ ಹಸಿರು ಟವಲನ್ನು ಕೊಡವಿ ಹೆಗಲಿಗೆ ಹಾಕಿ, ಮೆರವಣಿಗೆಯ ಮುಂದಾಳಿನಂತೆ ಬೀದಿಗಿಳಿದರು. ಮೆರವಣಿಗೆಯಲ್ಲಿ ಇದ್ದದ್ದು ಸುನಂದಮ್ಮ ಒಬ್ಬರೇ. ಹೊತ್ತು ಹನ್ನೆರಡೂವರೆ.

ಮೂಲೆಯ ಮೊದಲ ಹೋಟೆಲಿನಿಂದ ತುಪ್ಪದ ಒಗ್ಗರಣೆಯ ವಾಸನೆ ಬಂತು. ಸುನಂದಮ್ಮ ಮೆಟ್ಟಿಲಿಗೆ ಕಾಲಿಟ್ಟರು. ಶಿವನಂಜಪ್ಪ ಸೆರಗು ಹಿಡಿದು ಎಳೆದರು.

"ಇಲ್ಲಿ ಬ್ಯಾಡ. ಬಹಿಷ್ಕಾರ ಹಾಕಿದ್ದೀವಿ."

"ಯಾವಾಗ?"

"ಹದಿನಾಲ್ಕು ವರ್ಷ ಆಯ್ತು. ಒಂದು ರಾಗಿಮುದ್ದೆಗೆ ಎರಡು ಕೇಜಿ ರಾಗಿ ರೇಟು ಹಾಕಿದ್ದ. ಬಿಟ್ಟೇವಾ? ಬಾಗಿಲಿಗೇ ಒಂದು ಗಾಡಿ ರಾಗಿ ಸುರಿದ್ವಿ!"

"ಗೊತ್ತು ಬುಡಿ. ಆ ರಾಗಿ ನಮ್ಮನೇದು. ಆ ವರ್ಷ ನಾನು ಅಂಗಡಿ ರಾಗಿ ತಂದು ಬೀಸ್ಕಂಡೆ."

ಶಿವನಂಜಪ್ಪ ಕೆಮ್ಮಿ ಮುಂದೆ ನಡೆದರು. ಎರಡನೆಯ ಹೋಟೆಲಿನ ಬೋರ್ಡು ನೋಡುತ್ತಲೇ ಅವರ ಮೀಸೆ ನೆಟ್ಟಗಾಯಿತು. "ಇವನಾ? ಬೋರ್ಡಲ್ಲಿ ಒಂದಕ್ಷರ ಕನ್ನಡ ಇರ್ಲಿಲ್ಲ ಕಣೆ! ಏಣಿ ಹಾಕಿ ನಾನೇ ಟಾರು ಬಳಿದಿದ್ದು!"

"ಬೋರ್ಡಿಗೆ ಎಷ್ಟು ಬಳಿದ್ರೋ, ಪಂಚೆಗಂತೂ ಮೊಣಕಾಲ್ಗಂಟ ಬಳ್ಕಂಡು ಬಂದಿದ್ರಿ. ಮೂರು ವಾರ ಸೀಮೆಣ್ಣೇಲಿ ಉಜ್ಜಿದ್ದು ಯಾರು?" ಸುನಂದಮ್ಮ ಬೋರ್ಡನ್ನು ದಿಟ್ಟಿಸಿದರು. "ಈಗ ಕನ್ನಡ್ದಲ್ಲೇ ಅದೆಯಲ್ರೀ! ಓದಿ, 'ಊಟ ತಯಾರಿದೆ' ಅಂತ!"

"ಅಂಗಂತ ಒಳಕ್ಕೋದ್ರೆ ನಮ್ಮ ನಿಲುವು ಏನಾಯ್ತದೆ?"

"ನಿಲುವು ಬ್ಯಾಡ ಕಣ್ರೀ, ನಂಗೆ ಕೂರಬೇಕು!"

ಮೂರನೆಯ ಹೋಟೆಲಿನ ಮುಂದೆ ಶಿವನಂಜಪ್ಪ ಕಣ್ಣು ಮುಚ್ಚಿ ಮೂವತ್ತು ವರ್ಷದ ಚರಿತ್ರೆಯನ್ನೆಲ್ಲ ಜಾಲಾಡಿದರು. ಧರಣಿ ಇಲ್ಲ, ಘೇರಾವ್ ಇಲ್ಲ, ಒಂದು ಮನವಿಪತ್ರವೂ ಇಲ್ಲ! "ಬಾ ಬಾ! ಇವ್ನ ಮ್ಯಾಲೆ ನಂದೇನೂ ತಕರಾರಿಲ್ಲ!" ಎಂದು ಕುಣಿಯುತ್ತ ನುಗ್ಗಿದರು.

ಇವರಿಗೆ ತಕರಾರಿಲ್ಲದಿರಬಹುದು, ಗಲ್ಲಾದಲ್ಲಿದ್ದವನಿಗೆ ಪಕ್ಕದ ಹೋಟೆಲುಗಳಿಗಾದ ಗತಿ ಮರೆತಿರಲಿಲ್ಲ. ಹಸಿರು ಟವಲು ಕಂಡದ್ದೇ ತಡ, ಓಡಿ ಬಂದು ಶಟರ್ ಎಳೆದ. ದಡದಡ! ಒಳಗೆ ಉಣ್ಣುತ್ತಿದ್ದವರು ಸಾರಿನ ಕೈಯಲ್ಲೇ ಶಟರ್ ಬಡಿಯತೊಡಗಿದರು. ಹೊರಗೆ ಏನೋ ಆಗಿದೆಯೆಂದು ಜನ ಸೇರಿದರು. ಜನ ಸೇರಿದ್ದು ಕಂಡು ಆಟೋಗಳು ನಿಂತವು. ಆಟೋಗಳು ನಿಂತದ್ದಕ್ಕೆ ಬಸ್ಸು ನಿಂತಿತು. ಎರಡು ಊಟ ಕೇಳಲು ಹೋಗಿ ಶಿವನಂಜಪ್ಪ ರಸ್ತೆತಡೆಯನ್ನೇ ಮಾಡಿಬಿಟ್ಟಿದ್ದರು!

ಶಟರಿನ ಕೆಳಸಂದಿಯಿಂದ ಒಂದು ದನಿ ಬಂತು: "ಏನಿದ್ರೂ ಬರ್ದು ಕೊಡಿ ಸಾರ್! ಓನರು ಊರಲ್ಲಿಲ್ಲ!"

"ನೀನ್ಯಾರಯ್ಯಾ?"

"ನಾನೇ ಓನರು ಸಾರ್!"

"ಬರ್ದು ಕೊಡಿ ಅಂತಾವ್ನಲ್ಲ," ಎಂದರು ಸುನಂದಮ್ಮ. "ಎರಡು ಊಟ, ಎರಡು ಮಜ್ಜಿಗೆ ಅಂತ ಬರ್ದು ಕೊಡಿ."

ಪೊಲೀಸಿನವರು ಬರುವಷ್ಟರಲ್ಲಿ ಸುನಂದಮ್ಮ ಗಂಡನ ತೋಳು ಹಿಡಿದು ಜನರ ನಡುವಿನಿಂದ ಎಳೆದುಕೊಂಡು ಹೊರಬಂದರು. ಆ ನೂಕಾಟದಲ್ಲಿ ಸುನಂದಮ್ಮನ ಚಪ್ಪಲಿಯ ಉಂಗುಷ್ಟ ಕಿತ್ತುಹೋಯಿತು. ಎರಡು ಗಂಟೆ. ಸುಡುವ ಬಿಸಿಲು. ಚಪ್ಪಲಿಯನ್ನು ಕೈಯಲ್ಲಿ ಹಿಡಿದು ಸುನಂದಮ್ಮ ನಿಂತಲ್ಲೇ ನಿಂತರು. ಎದುರಿಗೆ ನಾಲ್ಕನೆಯ ಹೋಟೆಲು. ಹೆಂಗಸರೇ ಬಡಿಸುತ್ತಿದ್ದರು. ಬಸ್ಸಾರಿನ ವಾಸನೆ ರಸ್ತೆಯನ್ನೇ ದಾಟಿ ಬಂದು ಮಾತಾಡಿಸುತ್ತಿತ್ತು.

"ಇದುಕ್ಕೇನು ರೋಗ?"

ಶಿವನಂಜಪ್ಪನವರ ಮುಖ ಕಪ್ಪಿಟ್ಟಿತು. "ಇದು ಬೇಡವೇ ಬೇಡ. ಕೆಲಸದೋರಿಗೆ ಸರಿಯಾಗಿ ಸಂಬಳ ಇಲ್ಲ, ವಾರದ ರಜ ಇಲ್ಲ. ಹನ್ನೊಂದು ದಿನ ಧರಣಿ ಕೂತಿದ್ವಿ. ನ್ಯಾಯ ಸಿಗೋಗಂಟ ಈ ಮೆಟ್ಲು ತುಳಿಯಲ್ಲ ಅಂತ ಪ್ರತಿಜ್ಞೆ ಮಾಡ್ಸಿದ್ದೋನು ನಾನೇ!"

"ಪ್ರತಿಜ್ಞೆ ಮಾಡ್ದೋರು ನೀವು. ನಾನು ಅವತ್ತು ಮನೇಲಿ ಅಡುಗೆ ಮಾಡ್ತಿದ್ದೆ."

ಅಷ್ಟು ಹೇಳಿ ಸುನಂದಮ್ಮ ಬರಿಗಾಲಲ್ಲಿ ರಸ್ತೆ ದಾಟಿ, ಮೆಟ್ಟಿಲು ಹತ್ತಿ, ಫ್ಯಾನಿನ ಕೆಳಗೆ ಕೂತೇಬಿಟ್ಟರು. ಎಲೆ ಬಂತು. ನೀರು ಬಂತು. ಮುದ್ದೆ ಬಂತು!

ಶಿವನಂಜಪ್ಪ ಕೆಳಗಿನ ಮೆಟ್ಟಿಲ ಪಕ್ಕ ನಿಂತರು. ಲಾಠಿಗೆ ಬಗ್ಗದ ಬೆನ್ನು, ಜೈಲಿಗೆ ಜಗ್ಗದ ಎದೆ. ಆದರೆ ಬಸ್ಸಾರಿನ ಮುಂದೆ ಹೊಟ್ಟೆ ಯಾವ ಸಿದ್ಧಾಂತವನ್ನೂ ಕೇಳುತ್ತಿರಲಿಲ್ಲ. ಸುನಂದಮ್ಮ ಮುದ್ದೆ ಮುರಿದು ನುಂಗುವಾಗ ಇವರ ಗಂಟಲೂ ಮೇಲೆ ಕೆಳಗೆ ಆಡುತ್ತಿತ್ತು.

ಬಡಿಸುತ್ತಿದ್ದ ಹೆಂಗಸು ಬಾಗಿಲಿಗೆ ಬಂದು ಇಣುಕಿದಳು. "ಅಯ್ಯೋ, ಶಿವನಂಜಣ್ಣ ಅಲ್ವಾ! ನಾನು ಕ್ವಾಟೆ ತಾಲೂಕಿನ ವಾಣಿಶ್ರೀ ಕಣಣ್ಣ. ಧರಣೀಲಿ ನಿಮ್ಮ ಪಕ್ಕದಲ್ಲೇ ಕೂತಿದ್ದೆ. ಬಿಸಿಲಲ್ಲಿ ಯಾಕೆ ನಿಂತಿದ್ದೀರಿ?"

"ಬಹಿಷ್ಕಾರ ಅದೆಯಲ್ಲಮ್ಮ," ಎಂದರು ಶಿವನಂಜಪ್ಪ, ಬಾಡಿದ ದನಿಯಲ್ಲಿ.

"ಯಾವ ಬಹಿಷ್ಕಾರ? ಅದು ಗೆದ್ದು ಒಂಬತ್ತು ವರ್ಷ ಆಯ್ತು! ಸಂಬಳ ಏರಿಸಿದ್ರು, ವಾರಕ್ಕೊಂದು ರಜ ಕೊಟ್ರು. ನಿಮ್ಗೆ ಯಾರೂ ಹೇಳ್ಲೇ ಇಲ್ವಾ?"

ಹೇಳುವುದಕ್ಕೆ ಇವರು ಎಲ್ಲಿದ್ದರು? ಹನ್ನೆರಡನೆಯ ದಿನ ಬೆಳಗ್ಗೆಯೇ ನಾಲೆ ನೀರಿನ ಧರಣಿಗೆಂದು ಪಿರಿಯಾಪಟ್ಟಣದ ಬಸ್ಸು ಹತ್ತಿದ್ದರು. ಹೋರಾಟ ಹೂಡಿದ್ದು ನೆನಪಿತ್ತು, ಗೆದ್ದದ್ದು ಗೊತ್ತೇ ಇರಲಿಲ್ಲ! ತಾವೇ ಗೆದ್ದ ಹೋಟೆಲಿನ ಮುಂದೆ ಒಂಬತ್ತು ವರ್ಷ ಮುಖ ತಿರುಗಿಸಿಕೊಂಡು ಓಡಾಡಿದ್ದರು!

"ಗೆದ್ವಾ?" ಎಂದರು, ಮಗುವಿನಂತೆ. ಆಮೇಲೆ ಎರಡೆರಡು ಮೆಟ್ಟಿಲು ಹಾರಿ ಒಳಗೆ ನುಗ್ಗಿದರು. ಹೆಂಡತಿಯ ಪಕ್ಕ ಕೂತು ಎಲೆಗೆ ನೀರು ಚಿಮುಕಿಸುತ್ತ ತಲೆಯೆತ್ತಿದರೆ ಗೋಡೆಯ ಮೇಲೆ ಬರೆದಿತ್ತು: ಊಟ ನೂರ ಹತ್ತು.

"ನೂರ ಹತ್ತಾ?" ಹುಟ್ಟುಗುಣ ಎಲ್ಲಿ ಹೋದೀತು! ಶಿವನಂಜಪ್ಪ ಎದ್ದು ನಿಂತು ತೋಳೇರಿಸಿದರು. "ಏನಿದು ಹಗಲುದರೋಡೆ!"

"ಕೂತ್ಕಳಣ್ಣ," ಎಂದಳು ವಾಣಿಶ್ರೀ, ಸಾರು ಬಿಡುತ್ತ. "ಸಂಬಳ ಏರ್ಸಿ ಅಂತ ಗಂಟಲು ಹರ್ಕಂಡೋರು ನೀವೇಯ. ಅದೇನು ಬಸ್ಸಾರಲ್ಲಿ ಬಸಿದು ಬತ್ತದಾ?"

ಇಡೀ ಹೋಟೆಲು ಘೊಳ್ಳೆಂದಿತು. ಶಿವನಂಜಪ್ಪನವರೂ ನಕ್ಕು ಕೂತರು. ತಮ್ಮ ಹೋರಾಟದ ಬೆಲೆಯನ್ನು ತಾವೇ ಕೊಟ್ಟು ಉಣ್ಣುವ ಭಾಗ್ಯ ಎಷ್ಟು ನಾಯಕರಿಗಿದೆ? ಮೂರು ಮುದ್ದೆ ಇಳಿಸಿದರು. ಸುನಂದಮ್ಮ ಎರಡು ಸಲ ಅನ್ನ ಹಾಕಿಸಿಕೊಂಡು, ಮಜ್ಜಿಗೆ ಕುಡಿದು, ಎಲೆ ಮಡಚಿ, ಅದು ಅಲ್ಲೇ ಇರುವುದನ್ನು ಒಂದು ಕ್ಷಣ ಸುಖವಾಗಿ ನೋಡಿದರು. ಯಾರೋ ಬಂದು ಎತ್ತಿಕೊಂಡು ಹೋದರು. ಎಂಥ ಚಂದ!

ಕೈ ತೊಳೆದು ಬಂದು ಕೇಳಿದರು: "ಅಲ್ಲ ವಾಣಿಶ್ರೀ, ವಾರಕ್ಕೊಂದು ರಜ ಅಂದ್ಯಲ್ಲ. ಅವತ್ತು ಒಲೆ ಕಡೀಕೆ ತಲೆ ಹಾಕಂಗೇ ಇಲ್ವಾ?"

"ಇಲ್ಲಕ್ಕ. ಸೌಟು ಮುಟ್ಟಲ್ಲ. ಎಲ್ಲಾ ಅಣ್ಣ ಕೊಡ್ಸಿದ್ದು."

ಸುನಂದಮ್ಮ ನಿಧಾನವಾಗಿ ಗಂಡನ ಕಡೆ ತಿರುಗಿದರು. ಆ ನೋಟವನ್ನು ಶಿವನಂಜಪ್ಪ ಎಂದೂ ಯಾವ ಪೊಲೀಸ್ ಅಧಿಕಾರಿಯ ಮುಖದಲ್ಲೂ ಕಂಡಿರಲಿಲ್ಲ.

"ಊರ ಅಡುಗೆಯೋರಿಗೆಲ್ಲ ರಜ ಕೊಡ್ಸಿದ್ದೀರಿ. ಬಾಳ ಸಂತೋಷ. ಬರೋ ಭಾನುವಾರದಿಂದ ನಂಗೂ ರಜ. ವಾರವಾರವೂವೆ. ಏನಂತೀರಿ?"

ಶಿವನಂಜಪ್ಪ ಟವಲಿನಿಂದ ಮುಖ ಒರೆಸಿಕೊಂಡರು. "ನೋಡಾಣ ಬುಡು..."

"ಅಣ್ಣಾ," ಎಂದಳು ವಾಣಿಶ್ರೀ, "ಧರಣಿಯ ಮೊದಲ್ನೇ ದಿನ ನಮ್ಮ ಓನರೂ ಇದೇ ಮಾತಂದಿದ್ರು. ನೀವು ಏನು ಉತ್ತರ ಕೊಟ್ರಿ, ಗ್ಯಾಪ್ಕ ಅದಾ?"

ಅವರಿಗೆ ಚೆನ್ನಾಗಿಯೇ ನೆನಪಿತ್ತು: "ನೋಡಾಣ ಬ್ಯಾಡ, ದಿನ ಹೇಳಿ. ಹೇಳೋಗಂಟ ಇಲ್ಲಿಂದ ಏಳಲ್ಲ!" ಈಗ ಹೆಂಡತಿಯೇ ಹನ್ನೊಂದು ದಿನ ಧರಣಿ ಕೂತರೆ ಗತಿಯೇನು? ಅಲ್ಲೇ, ಅಷ್ಟೂ ಜನರ ಮುಂದೆ, "ಭಾನುವಾರ" ಎಂದು ಒಪ್ಪಿಕೊಂಡರು. ಹೋಟೆಲು ಚಪ್ಪಾಳೆ ತಟ್ಟಿತು.

ಇದನ್ನು ಓದಿ ನಗುತ್ತಿರುವ ಸ್ವಾಮೀ, ನಿಮ್ಮ ಮನೆಯಲ್ಲಿ ಒಲೆ ಮುಂದೆ ನಿಂತವರಿಗೆ ವಾರದ ರಜೆ ಯಾವತ್ತು? ಎದ್ದು ಒಳಗೆ ಹೋಗಿ, ಅವರ ಮುಂದೆ ನಿಂತು ದಿನದ ಹೆಸರು ಹೇಳಿ. "ನೋಡೋಣ" ಎಂಬ ಉತ್ತರವನ್ನು ನಾವು ಹೋರಾಟದವರು ಸರ್ಕಾರದಿಂದಲೇ ಒಪ್ಪಿಕೊಂಡಿಲ್ಲ, ನಿಮ್ಮಿಂದ ಒಪ್ಪುತ್ತೇವೆಯೇ?