ದುಬೈಗೆ ಬಂದ ಹುಲ್ಲಿನ ರಾಜ

ಹತ್ತಾರು ದೇಶದವರು ಒಂದೇ ಲಿಫ್ಟನ್ನು ಹಂಚಿಕೊಂಡು ಬದುಕುವ ಕಟ್ಟಡದಲ್ಲಿ ಎಡವಟ್ಟುಗಳನ್ನು ಹುಡುಕಿಕೊಂಡು ಹೋಗಬೇಕಾಗಿಲ್ಲ. ಅವು ಪ್ರತಿ ಮಹಡಿಯಲ್ಲೂ ತಾವಾಗಿಯೇ ಒಳಗೆ ಹತ್ತಿಕೊಳ್ಳುತ್ತವೆ. ಇಲ್ಲಿನ ಭಾರತೀಯ ಶಾಲೆಯೊಂದರಲ್ಲಿ ಇತಿಹಾಸ ಬೋಧಿಸಿ ನಿವೃತ್ತಳಾದ ನನ್ನನ್ನು ಜುಮೇರಾ ಲೇಕ್ ಟವರ್ಸ್‌ನ ನಮ್ಮ ಕಟ್ಟಡದವರು ಸಾಂಸ್ಕೃತಿಕ ಸಮಿತಿಯ ಅಧ್ಯಕ್ಷೆಯನ್ನಾಗಿ ಮಾಡಿದ್ದಾರೆ. ಗೌರವದ ಹುದ್ದೆ, ಬೇರೆ ಯಾರಿಗೂ ಬೇಕಾಗಿರಲಿಲ್ಲ.

ಕಳೆದ ಚಳಿಗಾಲದಲ್ಲಿ ಎದುರು ಫ್ಲಾಟಿನ ಇಟಾಲಿಯನ್ ಮಹಿಳೆ ನಮ್ಮ ಮನೆಗೆ ಬಂದು ಕುಳಿತರು. ಮಂಡಿಯ ಶಸ್ತ್ರಚಿಕಿತ್ಸೆಗೆಂದು ಅವರ ತಂದೆ ಊರಿನಿಂದ ಬಂದಿದ್ದರು. ಚಿಕಿತ್ಸೆ ಚೆನ್ನಾಗಿಯೇ ಆಗಿತ್ತು, ಆದರೆ ಹಿರಿಯರು ಕೋಣೆ ಬಿಟ್ಟು ಹೊರಡಲು ಒಪ್ಪುತ್ತಿರಲಿಲ್ಲ. ನಡೆಯದಿದ್ದರೆ ಮಂಡಿ ಹಾಗೆಯೇ ಗಟ್ಟಿಯಾಗಿಬಿಡುತ್ತದೆಂದು ವೈದ್ಯರು ಎಚ್ಚರಿಸಿದ್ದರು.

“ಊರಿನ ಚಳಿಗಾಲದ ಕಾರ್ನಿವಲ್ ಅವರಿಗೆ ಈ ವರ್ಷ ತಪ್ಪಿತು. ಅಲ್ಲಿಂದ ಶುರುವಾಯಿತು ಈ ಮೌನ,” ಎಂದರು ಮಗಳು. “ಅದನ್ನು ಕೆಳಗಿನ ಸಭಾಂಗಣದಲ್ಲಿ ಸಣ್ಣದಾಗಿ ಮಾಡಿದರೆ ಇಳಿದು ಬಂದಾರೇನೋ.”

ನಾನು ಒಪ್ಪಿದೆ. ಎಡವಟ್ಟುಗಳಿಗೆ ಅಷ್ಟು ಸಾಕಾಯಿತು.

ಎರಚಲು ಧನಿಯಾ

ಹಬ್ಬದ ದಿನ ಒಬ್ಬರ ಮೇಲೊಬ್ಬರು ‘ಕೊರಿಯಾಂದೊಲಿ’ ಎರಚಬೇಕು, ಐದು ಕಿಲೋ ತರಿಸಿ ಎಂದು ನೆರೆಯಾಕೆ ಫೋನಿನಲ್ಲಿ ಹೇಳಿದರು. ಇಟಲಿಯವರು ಪದದ ಕೊನೆಗೊಂದು ಸ್ವರ ಸೇರಿಸುತ್ತಾರೆಂಬುದು ನನಗೆ ತಿಳಿದ ವಿಷಯ. ಕೊರಿಯಾಂಡರ್ ಎಂದುಕೊಂಡು ನಾನು ನೈಫ್ ಬಡಾವಣೆಯಲ್ಲಿರುವ ನಮ್ಮ ಕಾಯಂ ಅಂಗಡಿಗೆ ಹೋಗಿ ಐದು ಕಿಲೋ ಕೊತ್ತಂಬರಿ ಬೀಜ ಕೇಳಿದೆ. ಅಂಗಡಿಯವರು ಭಟ್ಕಳದವರು.

“ಮನೆಯಲ್ಲಿ ಮದುವೆ ಉಂಟಾ ಮೇಡಂ?”

“ಇಲ್ಲ. ಎರಚಲು.”

“ಧನಿಯಾವನ್ನಾ? ಯಾರ ಮೇಲೆ?”

“ಎಲ್ಲರ ಮೇಲೂ. ಇಟಲಿಯ ಸಂಪ್ರದಾಯ.”

ಅವರು ಸ್ವಲ್ಪ ಯೋಚಿಸಿ ಚೀಲವನ್ನು ಬದಲಾಯಿಸಿದರು. “ಹಾಗಾದ್ರೆ ಇದು ತಗೊಳ್ಳಿ. ಕಾಳು ಸಣ್ಣದು, ತಾಗಿದ್ರೂ ನೋವಾಗ್ಲಿಕ್ಕಿಲ್ಲ.”

ಚೀಲ ಬಿಚ್ಚಿದ ನೆರೆಯಾಕೆ ಕಾಳನ್ನು ಮೂಸಿ ನೋಡಿ ವಿವರಿಸಿದರು. ಕೊರಿಯಾಂದೊಲಿ ಎಂದರೆ ಬಣ್ಣದ ಕಾಗದದ ಚೂರುಗಳಂತೆ. ಆದರೂ ಒಂದು ಹಿಡಿಯನ್ನು ಒಯ್ದು ತಂದೆಗೆ ತೋರಿಸಿದರು. ಹಿರಿಯರು ಒಂದು ಕಾಳನ್ನು ಬಾಯಿಗೆ ಹಾಕಿಕೊಂಡು, ಎಷ್ಟೋ ದಿನಗಳ ಮೇಲೆ ಮೊದಲ ಬಾರಿಗೆ ಮಾತಾಡಿದರು. ಹಿಂದಿನ ಕಾಲದಲ್ಲಿ ಸಕ್ಕರೆ ಲೇಪಿಸಿದ ಕೊತ್ತಂಬರಿ ಬೀಜವನ್ನೇ ಎರಚುತ್ತಿದ್ದರಂತೆ, ಆ ಹೆಸರೇ ಕಾಗದಕ್ಕೂ ಅಂಟಿಕೊಂಡಿತಂತೆ. ಆಮೇಲೆ ಪುನಃ ಗೋಡೆಯತ್ತ ತಿರುಗಿದರು.

“ಮೂಲ ಸಂಪ್ರದಾಯ ತಿಳಿದವರು ಈ ಕಟ್ಟಡದಲ್ಲಿ ಒಬ್ಬರಾದರೂ ಇದ್ದಾರಲ್ಲ ಎಂದರು ಅಪ್ಪ,” ಎಂದು ಮಗಳು ತಿಳಿಸಿದರು. ಇತಿಹಾಸದ ಅಧ್ಯಾಪಕಿಯಾದ ನಾನು ಅದನ್ನು ಅಲ್ಲಗಳೆಯಲಿಲ್ಲ. ಎರಚಲು ಕಾಗದವನ್ನೇ ತರಿಸಿದೆವು; ನಮ್ಮ ಮನೆಯ ಸಾರಿನ ಪುಡಿ ಇಂದಿಗೂ ಮುಗಿದಿಲ್ಲ.

ಕರಿದ ಹರಟೆ

ಹಬ್ಬದ ತಿಂಡಿಯ ಇಟಾಲಿಯನ್ ಹೆಸರಿಗೆ ‘ಹರಟೆ’ ಎಂದೇ ಅರ್ಥ. ಮೈದಾ ಹಿಟ್ಟನ್ನು ತೆಳ್ಳಗೆ ಲಟ್ಟಿಸಿ, ಪಟ್ಟಿ ಕತ್ತರಿಸಿ, ಎಣ್ಣೆಯಲ್ಲಿ ಕರಿದು, ಮೇಲೆ ಸಕ್ಕರೆ ಪುಡಿ ಉದುರಿಸುತ್ತಾರೆ. ಶಂಕರಪೋಳೆಯ ದೂರದ ನೆಂಟ. ನೆರೆಯಾಕೆ ಬಾಗಿಲಲ್ಲೇ ನಿಂತು ಆ ಹೆಸರನ್ನು ಹಾಗೆಯೇ ಇಂಗ್ಲಿಷಿಗೆ ತಿರುಗಿಸಿ ನಮ್ಮವರನ್ನು ಕೇಳಿದರು: “ಐವತ್ತು ಜನರಿಗೆ ಸಾಕಾಗುವಷ್ಟು ಹರಟೆ ನಿಮ್ಮ ಮನೆಯಲ್ಲಿ ತಯಾರಾದೀತೇ?”

ನಮ್ಮವರು ಪತ್ರಿಕೆಯಿಂದ ತಲೆ ಎತ್ತಲಿಲ್ಲ. “ತಯಾರಾಗುವುದೇನು, ದಿನವೂ ಮಿಗುತ್ತದೆ,” ಎಂದರು.

ಪೂರ್ತಿ ಹೆಸರು

ಆ ಊರಿನ ಕಾರ್ನಿವಲ್‌ಗೆ ಒಬ್ಬ ಹುಲ್ಲಿನ ರಾಜ ಬೇಕು. ಕೊನೆಯ ದಿನ ಊರಿನವರು ವರ್ಷದ ಕಷ್ಟಗಳನ್ನೆಲ್ಲ ಅವನ ಮೇಲೆ ಹೊರಿಸಿ, ವಿಚಾರಣೆ ನಡೆಸಿ, ಸುಟ್ಟುಹಾಕುತ್ತಾರೆ. ನಮ್ಮವರು ಸ್ನೇಹಿತರೊಬ್ಬರ ಗೋದಾಮಿನಲ್ಲಿ ತಮ್ಮ ಹಳೆಯ ಸೂಟಿಗೆ ಒಣಹುಲ್ಲು ತುಂಬಿಸಿ, ಕಿರೀಟ ತೊಡಿಸಿ, ಟ್ಯಾಕ್ಸಿಯಲ್ಲಿ ಕರೆತಂದರು. ಲಾಬಿಯಲ್ಲಿ ಸೆಕ್ಯುರಿಟಿ ಸೂಪರ್‌ವೈಸರ್ ತಡೆದರು. ಬಂಟ್ವಾಳದ ಬ್ಯಾರಿ, ಕರ್ತವ್ಯದಲ್ಲಿ ಬಹಳ ಕಟ್ಟುನಿಟ್ಟು, ಮುಖದಲ್ಲಿ ಮಾತ್ರ ನಗು ಕಾಣಿಸುವುದಿಲ್ಲ.

“ಇವರು ಯಾರು ಸರ್?”

“ರಾಜ.”

“ರಾಜ ಅಂದ್ರೆ ಸಾಕಾಗುದಿಲ್ಲ. ಪೂರ್ತಿ ಹೆಸರು ಬೇಕು. ಐಡಿ ಉಂಟಾ?”

“ಹುಲ್ಲು ಮಾರಾಯ್ರೆ, ಮುಟ್ಟಿ ನೋಡಿ.”

ಅವರು ಮುಟ್ಟಿ ನೋಡಿದರು. “ಐಡಿ ಇಲ್ಲದವರನ್ನು ಮೇಲೆ ಬಿಡ್ಲಿಕ್ಕೆ ಆಗ್ಲಿಕ್ಕಿಲ್ಲ ಸರ್. ಒಂದು ಕೆಲಸ ಮಾಡುವ, ಪಾರ್ಸೆಲ್ ಅಂತ ಹಾಕುವ.”

ಹೀಗೆ ಮಹಾರಾಜರು ಒಂದು ವಾಷಿಂಗ್ ಮಷೀನಿನ ಜೊತೆ ಸರ್ವಿಸ್ ಲಿಫ್ಟಿನಲ್ಲಿ ಮೇಲೇರಿದರು.

ಮುಖವಾಡದ ಸಜ್ಜನ

ಹಬ್ಬದ ಸಂಜೆ ಎಲ್ಲರಿಗೂ ಉದ್ದ ಮೂಗಿನ ಮುಖವಾಡ. ಒಬ್ಬ ಸಜ್ಜನರು ಯಾರೂ ಹೇಳದೆ ಕುರ್ಚಿಗಳನ್ನು ಸಾಲಾಗಿಟ್ಟರು, ನೀರಿನ ಬಾಟಲಿಗಳನ್ನು ಹೊತ್ತು ತಂದರು. ನಾನು ಹತ್ತಿರ ಹೋಗಿ ಇಂಗ್ಲಿಷಿನಲ್ಲಿ ಧನ್ಯವಾದ ಹೇಳಿ, “ನಿಮ್ಮನ್ನು ನೋಡಿ ನನ್ನ ಯಜಮಾನರು ಕಲಿಯಬೇಕು,” ಎಂದೆ.

“ಕಲಿತೇ ಮಾಡುತ್ತಿರುವುದು,” ಎಂದು ಮೂಗಿನೊಳಗಿನಿಂದ ಕನ್ನಡದಲ್ಲಿ ಉತ್ತರ ಬಂತು.

ವಿಚಾರಣೆ

ಹಿರಿಯರನ್ನು ಮಗಳು ಗಾಲಿಕುರ್ಚಿಯಲ್ಲಿ ಕರೆತಂದರು. ಯಾರದೋ ಶವಸಂಸ್ಕಾರಕ್ಕೆ ಬಂದವರಂತೆ ಗಂಭೀರವಾಗಿ ಕುಳಿತರು. ಮಗಳ ಕಣ್ಣು ವೇದಿಕೆಯ ಮೇಲಿರಲಿಲ್ಲ, ತಂದೆಯ ಮಂಡಿಯ ಮೇಲಿತ್ತು.

ನ್ಯಾಯಾಧೀಶೆ ನಾನೇ. ನಿವಾಸಿಗಳು ಒಬ್ಬೊಬ್ಬರಾಗಿ ಎದ್ದು ರಾಜನ ಮೇಲೆ ಆರೋಪ ಹೊರಿಸಿದರು. ಲಿಫ್ಟು ಕೆಟ್ಟದ್ದು ಇವನಿಂದ. ನನ್ನ ಪಾರ್ಕಿಂಗಿನಲ್ಲಿ ಗಾಡಿ ನಿಲ್ಲಿಸಿದವನು ಇವನು. ರಜೆಯ ದಿನ ಬೆಳಿಗ್ಗೆ ಗೋಡೆ ಕೊರೆದವನೂ ಇವನೇ. ಕೊನೆಯ ಆರೋಪ ಮಾಡಿದವರು ಆ ಗೋಡೆಯನ್ನು ಸ್ವತಃ ಕೊರೆದವರು.

“ಆರೋಪಿಯ ಪರವಾಗಿ ಯಾರಾದರೂ ಇದ್ದೀರಾ?” ಎಂದು ಕೇಳಿದೆ. ಹಿರಿಯರು ಕದಲಲಿಲ್ಲ. ಮಗಳು ತಲೆ ತಗ್ಗಿಸಿದರು. ನಾನು ಭಾರವಾದ ಮನಸ್ಸಿನಿಂದಲೇ ಇಂಗ್ಲಿಷಿನಲ್ಲಿ ತೀರ್ಪು ಓದಿದೆ: ಸಂಪ್ರದಾಯದಂತೆ ರಾಜನನ್ನು ಸುಡತಕ್ಕದ್ದು.

ಬಾಗಿಲ ಬಳಿಯಿಂದ ಸೂಪರ್‌ವೈಸರ್ ಎರಡು ಹೆಜ್ಜೆ ಮುಂದೆ ಬಂದರು. “ಬೆಂಕಿ ಮಾಫಿ ಮೇಡಂ,” ಎಂದರು, ಇಲ್ಲಿನ ಅರಬಿಯ ‘ಇಲ್ಲ’ವನ್ನು ಕನ್ನಡಕ್ಕೆ ಬೆರೆಸಿ. “ ಇಲ್ಲಿ ಕಡ್ಡಿ ಗೀರಿದ್ರೂ ಸೈರನ್ ಹೊಡೀತದೆ. ರಾಜನಾದ್ರೂ ಅಷ್ಟೇ.”

ಅದನ್ನು ಸಭೆಗೆ ಇಂಗ್ಲಿಷಿನಲ್ಲಿ ತಿಳಿಸಿ, ಸುಡುವಂತೆ ನಾವು ನಟಿಸುವುದು ಮಾತ್ರ ಎಂದು ಅವರಿಗೆ ವಿವರಿಸುವಷ್ಟರಲ್ಲಿ ಹಿರಿಯರು ಮಗಳ ತೋಳನ್ನು ಹಿಡಿದು ಏನೋ ಕೇಳಿದರು. ಆಕೆ ಸೂಪರ್‌ವೈಸರರ ಮಾತನ್ನು ತಂದೆಗೆ ಅನುವಾದಿಸಿದರು: ಈ ದೇಶದ ಕಾನೂನಿನ ಪ್ರಕಾರ ಇವನನ್ನು ಸುಡುವಂತಿಲ್ಲ.

ಹಿರಿಯರು ಎದ್ದುನಿಂತರು. ಗಾಲಿಕುರ್ಚಿ ಹಿಂದಕ್ಕೆ ಸರಿಯಿತು. ಊರುಗೋಲು ಕೆಳಗೆ ಬಿತ್ತು, ಅವರು ತಿರುಗಿಯೂ ನೋಡಲಿಲ್ಲ. ಸಭಾಂಗಣದ ಉದ್ದಕ್ಕೂ ನಡೆದು ಬಂದು ಹುಲ್ಲಿನ ರಾಜನ ಕೈಯನ್ನು ಮೇಲೆತ್ತಿ ಹಿಡಿದು ದೀರ್ಘವಾದ ಭಾಷಣ ಆರಂಭಿಸಿದರು.

ಮಗಳು ಕಣ್ಣೊರೆಸಿಕೊಂಡು ನನ್ನ ಕಿವಿಯಲ್ಲಿ ಹೇಳಿದರು: “ಊರಿನಲ್ಲಿ ಪ್ರತಿ ವರ್ಷ ಅಪ್ಪನೇ ರಾಜನ ವಕೀಲ. ಪ್ರತಿ ವರ್ಷವೂ ಸೋಲುತ್ತಾರೆ, ಸೋಲಲೇಬೇಕು. ಇದು ಅವರು ಗೆದ್ದ ಮೊದಲ ಮೊಕದ್ದಮೆ.”

ಸೂಪರ್‌ವೈಸರಿಗೆ ಮಾತ್ರ ನ್ಯಾಯಾಲಯದ ಮರ್ಯಾದೆಯ ಚಿಂತೆ. “ಹಾಗೇ ಬಿಟ್ರೆ ಹೇಗೆ ಮೇಡಂ? ಸುಡುದು ಬೇಡ. ವೀಸಾ ಕ್ಯಾನ್ಸಲ್ ಮಾಡಿ ಊರಿಗೆ ಕಳಿಸಿ.”

ನಾನು ಅದನ್ನು ಇಂಗ್ಲಿಷಿನಲ್ಲಿ ಸಾರಿದೆ. ಸುಡುವ ಶಿಕ್ಷೆಗೆ ಚಪ್ಪಾಳೆ ತಟ್ಟಿದವರು ಈ ಶಿಕ್ಷೆಗೆ ಬೆವರಿದರು. “ಅಷ್ಟೊಂದು ದೊಡ್ಡ ತಪ್ಪನ್ನೇನೂ ಮಾಡಿಲ್ಲ ಬಿಡಿ,” ಎಂದರು ಗೋಡೆ ಕೊರೆದವರು.

ವಕೀಲರು ಮಗಳ ಮೂಲಕ ಮೇಲ್ಮನವಿ ಸಲ್ಲಿಸಿದರು. ಅದು ಇತ್ಯರ್ಥವಾಗುವವರೆಗೆ ಆರೋಪಿಯು ನ್ಯಾಯಾಧೀಶರ ಸುಪರ್ದಿಯಲ್ಲಿರಬೇಕು, ವಕೀಲರು ಪ್ರತಿದಿನ ಬಂದು ಅವನನ್ನು ಕಾಣಬೇಕು. ಒಪ್ಪದೆ ಗತ್ಯಂತರವಿರಲಿಲ್ಲ.

ಮರುದಿನ ಬೆಳಿಗ್ಗೆ ಕರೆಗಂಟೆ ಸದ್ದಾಯಿತು. ನಮ್ಮವರು ಬಾಗಿಲು ತೆರೆದರು. ಊರುಗೋಲಿಲ್ಲದೆ, ಟೈ ಕಟ್ಟಿಕೊಂಡು, ಎದುರು ಫ್ಲಾಟಿನಿಂದ ನಡೆದೇ ಬಂದ ಹಿರಿಯರು ನಿಂತಿದ್ದರು. ನಮ್ಮವರಿಗೆ ಇಟಾಲಿಯನ್ ಬಾರದು, ಅವರಿಗೆ ಕನ್ನಡ ಬಾರದು. ಆದರೂ ನಮ್ಮವರು ಬಾಗಿ ಒಳಕ್ಕೆ ಕರೆದರು:

“ಬನ್ನಿ ವಕೀಲರೇ. ಕಕ್ಷಿದಾರರು ಬಾಲ್ಕನಿಯಲ್ಲಿದ್ದಾರೆ. ನ್ಯಾಯಾಧೀಶರು ದೋಸೆ ಹುಯ್ಯುತ್ತಿದ್ದಾರೆ.”