ಕೆಂಪು ಮೂಗಿನ ಮರ್ಯಾದೆ

ಮನುಷ್ಯನ ಹೊಟ್ಟೆಯೊಳಗೆ ಏನಿದೆಯೆಂದು ಜನ ಅವನ ಮುಖ ನೋಡಿಯೇ ತೀರ್ಮಾನಿಸುತ್ತಾರೆ. ನನ್ನ ಹೊಟ್ಟೆಯೊಳಗೆ ಇರುತ್ತಿದ್ದದ್ದು ಎರಡು ಇಡ್ಲಿ, ಅರ್ಧ ಲೋಟ ಕಾಫಿ. ಆದರೆ ಮೂಗು, ಕೆನ್ನೆ ಮಾತ್ರ ಸದಾ ಕೆಂಪು. ಗುಂಡ್ಲುಪೇಟೆಯ ನಮ್ಮ ಕಚೇರಿಗೆ ಬಂದವರು ಗುಮಾಸ್ತನಾದ ನನ್ನ ಮೇಜಿನ ಮುಂದೆ ನಿಂತು ಮೆಲ್ಲಗೆ ಗಾಳಿ ಮೂಸುತ್ತಿದ್ದರು. ವಾಸನೆ ಬರದಿದ್ದರೆ ಏಲಕ್ಕಿ ಅಗಿದಿದ್ದಾನೆ ಎಂದುಕೊಳ್ಳುತ್ತಿದ್ದರು. ಜನ್ಮದಲ್ಲಿ ಒಂದು ತೊಟ್ಟು ಹೆಂಡ ಮುಟ್ಟದ ನಾನು ಹೀಗೆ ಏಲಕ್ಕಿಯನ್ನೂ ಬಿಡಬೇಕಾಯಿತು.

ಚಾಮರಾಜನಗರದ ಮಾವನವರು ಒಂದು ಹಬ್ಬದ ದಿನ ನನ್ನ ಹೆಂಡತಿ ಸರೋಜಳನ್ನು ಅಡುಗೆಮನೆಗೆ ಕರೆದು, ‘ಏನವ್ವಾ, ಕುಡ್ಕ ಬಂದು ಒಡೀತಾನಾ?’ ಎಂದು ಕೇಳಿದ್ದು ನನ್ನ ಕಿವಿಗೇ ಬಿತ್ತು. ಅವತ್ತಿನಿಂದ ಕೂತಲ್ಲಿ ಕೂರಲಾಗಲಿಲ್ಲ, ಕನ್ನಡಿ ಬಿಟ್ಟಿರಲೂ ಆಗಲಿಲ್ಲ. ಮೈಸೂರಿನ ಚರ್ಮದ ಡಾಕ್ಟರು ನೋಡಿ, ಚರ್ಮದಡಿಯ ಸಣ್ಣ ರಕ್ತನಾಳಗಳು ಹಿಗ್ಗಿವೆ, ಲೇಸರ್ ಬೆಳಕು ಬಿಟ್ಟು ಮುಚ್ಚಿಸಬಹುದು, ಆದರೆ ಮತ್ತೆ ಕಾಣಿಸಿಕೊಂಡರೂ ಕಾಣಿಸಿಕೊಳ್ಳಬಹುದು ಎಂದರು. ಕಣ್ಣಿಗೆ ಕನ್ನಡಕ ಕಟ್ಟಿ ಮಲಗಿಸಿದರು. ಒಗ್ಗರಣೆಯ ಸಾಸಿವೆ ಮುಖಕ್ಕೆ ಸಿಡಿದ ಹಾಗೆ ಚಟಪಟ ಎಂದಿತು. ತಿಂಗಳಿಗೊಂದರಂತೆ ನಾಲ್ಕು ಸಲ ಹೋಗಿಬಂದೆ. ಪ್ರತಿಸಲವೂ ಎರಡು ದಿನ ಮೂಗು ಇನ್ನಷ್ಟು ಕೆಂಪು. ‘ಇಲ್ಲಿ ಸಾಲ್ದು ಅಂತ ಮೈಸೂರ್ಗೇ ಓಯ್ತಾನೆ ಕಣ್ಲಾ’ ಎಂದು ಕಚೇರಿಯಲ್ಲಿ ಮಾತಾಯಿತು.

ಕೊನೆಗೂ ಕೆಂಪು ಇಳಿಯಿತು. ನಾನು ಗೆದ್ದೆನೆಂದು ಬೀಗುವಷ್ಟರಲ್ಲಿ, ‘ಪಾಪ, ಕುಡಿಯೋದ ಬುಟ್ಬುಟ್ನಂತೆ’ ಎಂಬ ಸುದ್ದಿ ಊರೆಲ್ಲ ಹಬ್ಬಿತ್ತು. ಬೀದಿಯ ಹೆಂಗಸರು ಸರೋಜಳ ಕೈಹಿಡಿದು ಅಭಿನಂದಿಸಿದರು. ಅವಳು ನಕ್ಕಳು, ನನಗೆ ಮೈಯೆಲ್ಲ ಉರಿಯಿತು.

ಆ ವಾರವೇ ನಮ್ಮ ಕಚೇರಿಯ ಜೀಪು ಡ್ರೈವರ್ ಚಿಕ್ಕಮಾದನ ಹೆಂಡತಿ ಪುಟ್ಟತಾಯಮ್ಮ ಮನೆಗೆ ಬಂದಳು. ಚಿಕ್ಕಮಾದ ಕುಡಿದು ಜೀಪನ್ನು ಚರಂಡಿಗಿಳಿಸಿದ್ದ. ‘ಇನ್ನೊಂದ್ಸಲ ಸಿಕ್ಬಿದ್ರೆ ಕೆಲ್ಸ ಓಯ್ತದೆ ಸಾರ್. ನೀವು ಯಾವ್ ದೇವ್ರತ್ರ ಆಣೆ ಮಾಡಿ ಬುಟ್ರೋ ಅಲ್ಗೇ ಅವ್ರನ್ನೂ ಕರ್ಕೊಂಡೋಗಿ’ ಎಂದು ಅತ್ತಳು. ನಾನು ಕುಡಿದೇ ಇಲ್ಲ ಎನ್ನಲು ಬಾಯಿ ತೆರೆದೆ. ಆ ಮುಖ ನೋಡಿ ಹೊರಬಿದ್ದದ್ದು ಬೇರೆಯೇ: ‘ಗೋಪಾಲಸ್ವಾಮಿ ಬೆಟ್ಟ ಕಣಮ್ಮ.’

ಶನಿವಾರ ಇಬ್ಬರೂ ಬೆಟ್ಟ ಹತ್ತಿದೆವು. ಮಂಜಿನಲ್ಲಿ ನಡುಗುತ್ತ ಚಿಕ್ಕಮಾದ ಆಣೆಯಿಟ್ಟ. ಇಳಿಯುವಾಗ, ‘ನಿಮ್ಮಂತ ಮೂಗಿನೋರೇ ಬುಟ್ಮೇಲೆ ನಂದೇನ್ ಮಹಾ ಬುಡಿ ಸಾರ್’ ಎಂದ. ದೇವರ ಮುಂದೆ ನಿಂತು ಸುಳ್ಳು ನಟಿಸಿದ್ದಕ್ಕೆ ನನಗೆ ನಾಚಿಕೆಯಾಯಿತು. ಆದರೆ ಅವನು ನಿಜವಾಗಿಯೂ ಬಿಟ್ಟ. ವರ್ಷ ಕಳೆದರೂ ಮುಟ್ಟಿಲ್ಲ.

ಈಗ ಬೇಸಿಗೆ, ಬಿಸಿಲಿಗೆ ಮೂಗು ಮತ್ತೆ ಕೆಂಪೇರತೊಡಗಿದೆ. ದಿನಾ ಬೆಳಿಗ್ಗೆ ಕಚೇರಿಯ ದಾರಿಯಲ್ಲಿ ನನ್ನನ್ನೂ ಹತ್ತಿಸಿಕೊಂಡು, ಜೀಪಿನ ಕನ್ನಡಿಯಲ್ಲಿ ಚಿಕ್ಕಮಾದ ರಸ್ತೆಗಿಂತ ಹೆಚ್ಚಾಗಿ ನನ್ನ ಮೂಗನ್ನೇ ನೋಡುತ್ತಾನೆ. ನಿನ್ನೆ, ‘ಏನ್ ಸಾರ್, ವಸಿ ಕೆಂಪಗದೆ?’ ಎಂದ. ನೆಗಡಿ ಎಂದೆ. ಅವನು ನಂಬಿದ ಹಾಗೆ ಕಾಣಲಿಲ್ಲ. ನಾಳೆ ಮೊದಲ ಬಸ್ಸಿಗೆ ಮೈಸೂರಿಗೆ ಹೊರಟಿದ್ದೇನೆ. ಎಂದೂ ಕುಡಿಯದವನೆಂದು ತೋರಿಸಿಕೊಳ್ಳಲು ಆಗ ಹೋಗಿದ್ದೆ. ಕುಡಿತ ಬಿಟ್ಟವನಾಗಿಯೇ ಉಳಿಯಲು ಈಗ ಹೋಗುತ್ತಿದ್ದೇನೆ.