ಗೋಟು ಚೀಲದ ವೀರರು

ಒಂದೇ ನಮೂನೆಯ ಮಾಲು ಆರಿಸುವುದು ತಪ್ಪೇ? ನೀವೇ ಹೇಳಿ. ನಾನು ಶಿರಸಿಯ ಅಡಿಕೆ ವಖಾರಿಯೊಂದರಲ್ಲಿ ತಲೆಗೂದಲು ಉದುರುವಷ್ಟು ಕಾಲ ದುಡಿದವನು. (ಉದುರಿದ್ದು ಸುಳ್ಳಲ್ಲ, ಬಂದು ನೋಡಬಹುದು.) ಅಡಿಕೆ ಆರಿಸುವವರ ಮೇಲೆ ಕಣ್ಣಿಡುವುದು ನನ್ನ ಕೆಲಸ. 'ರಾಶಿ' ಎಂಬ ಮೇಲ್ದರ್ಜೆಯ ಮಾಲಿನಲ್ಲಿ ಪ್ರತಿ ಅಡಿಕೆಯೂ ಒಂದೇ ಗಾತ್ರ, ಒಂದೇ ಬಣ್ಣ ಇರಬೇಕು. ನಡುವೆ ಒಂದು ಕಪ್ಪಗಿನದು, ಒಂದು ಚಪ್ಪಟೆ, ಒಂದು ಹಣ್ಣಾಗಿ ಬಿದ್ದು ಒಣಗಿದ ಗೋಟು ಸೇರಿತೋ, ಇಡೀ ಮಾಲಿನ ಮಾನ ಹೋಯಿತು. ಅದನ್ನೆಲ್ಲ ಹೆಕ್ಕಿ ಬೇರೆ ಚೀಲಕ್ಕೆ ಹಾಕಬೇಕು. ಇಷ್ಟೇ ನನ್ನ ವೇದಾಂತ.

ವೇದಾಂತ ಎಂದೆನಲ್ಲ, ನನ್ನ ಹೆಂಡತಿಯ ಹೆಸರು ವೇದಾ. ನನ್ನ ಎಲ್ಲ ವಿಚಾರಗಳ ಅಂತವೂ ಅವಳ ಕೈಯಲ್ಲೇ ಆಗುತ್ತದೆ. ಮನೆಯಲ್ಲೂ ನನ್ನ ಕೈ ಸುಮ್ಮನಿರುವುದಿಲ್ಲ. ತಟ್ಟೆಗೆ ಬಿದ್ದ ದೋಸೆಗಳಲ್ಲಿ ದುಂಡಗಿನವನ್ನು ಒಂದು ಕಡೆ, ಸೊಟ್ಟಗಿನವನ್ನು ಇನ್ನೊಂದು ಕಡೆ ಇಡುತ್ತೇನೆ. ಅದನ್ನು ಕಂಡಾಗಲೆಲ್ಲ ಅವಳು, "ಇಷ್ಟೆಲ್ಲ ಆರಿಸುವವರು ಯನ್ನ ನೋಡಲೆ ಬಂದಾಗ ಎಂತ ಕಂಡಿದ್ರೋ ದೇವರಿಗೇ ಗೊತ್ತು" ಎನ್ನುತ್ತಾಳೆ. ನಾನು ಸೊಟ್ಟ ದೋಸೆಯನ್ನೇ ಮೊದಲು ತಿಂದು ಮುಗಿಸುತ್ತೇನೆ.

ಇದು ತೊಂಬತ್ತೊಂಬತ್ತರ ಬೇಸಿಗೆ ರಜೆಯ ಮಾತು. ನಮ್ಮ ಓಣಿಯಲ್ಲೊಂದು ವಾಚನಾಲಯ ಇದೆ. ಅದಕ್ಕೆ ಐದು ಜನರ ಕಮಿಟಿ, ಅದರಲ್ಲಿ ನಾನೂ ಒಬ್ಬ. ಆರನೆಯ ಕ್ಲಾಸಿನ ನಮ್ಮ ಮಗಳು ಅಭಿಜ್ಞಾ ವಾರ್ಷಿಕ ಸಭೆಗೆ ನುಗ್ಗಿ, ಮಕ್ಕಳಿಗೆ ಒಂದು ಕಪಾಟು ಬೇಕು ಎಂದು ಎದ್ದುನಿಂತು ಕೇಳಿಬಿಟ್ಟಳು. ಕಮಿಟಿಯ ಅಧ್ಯಕ್ಷರು ನಾಗಪ್ಪ ಮಾಸ್ತರು. ನಿವೃತ್ತರಾದರೂ ಬೆತ್ತವಿಲ್ಲದ ಕೈ ಅವರಿಗೆ ಇನ್ನೂ ರೂಢಿಯಾಗಿಲ್ಲ.

"ಕಪಾಟು ಕೊಡ್ತೇನೆ ತಂಗಿ. ಆದರೆ ರಜೆ ಮುಗಿಯೋದರೊಳಗೆ ಓದೋ ಮಕ್ಕಳು ಕಾಣಬೇಕು. ಕಾಣಲಿಲ್ಲ ಅಂದ್ರೆ ಕೇರಂ ಬೋರ್ಡು ಇಡೋದಕ್ಕೆ ಜಾಗ ಬೇಕಾಗಿದೆ."

ಆವತ್ತಿನಿಂದ ಮಗಳಿಗೆ ಊಟ ನಿದ್ದೆ ಎರಡೂ ಅದೇ ಕಪಾಟು. ಪಕ್ಕದ ಮನೆಯ ಜಹಾಂಗೀರ್ ಮುಂಬೈಗೆ ಅಡಿಕೆ ಲಾರಿ ಒಯ್ಯುವವನು. ಬರುವಾಗ ಫುಟ್‌ಪಾತಿನಿಂದ ಒಂದು ಚೀಲ ತುಂಬ ಹಳೆಯ ಚಿತ್ರಕಥೆ ಪುಸ್ತಕ ತಂದು ನಮ್ಮ ಜಗುಲಿಗೆ ಸುರಿದ. ಕೆಲವು ಇಂಗ್ಲಿಷು, ಕೆಲವು ಹಿಂದಿ. ಎಲ್ಲದರಲ್ಲೂ ಹಾರುವವರು, ಗುದ್ದುವವರು, ಗೋಡೆ ಒಡೆಯುವವರು.

"ಹೆಗಡೇರೆ, ಲೈಬ್ರರಿಗೆ ಒಳ್ಳೇದು ಆರಿಸ್ಕೊಳ್ರಿ" ಎಂದ.

ಆರಿಸಿ! ಆ ಶಬ್ದ ಕಿವಿಗೆ ಬಿದ್ದರೆ ಸಾಕು, ನನ್ನ ಬೆರಳು ತಾವಾಗಿಯೇ ಆಡುತ್ತವೆ. ಕಮಿಟಿಯವರೂ ನನ್ನನ್ನೇ 'ಪುಸ್ತಕ ಶಿಫಾರಸು ಉಪಸಮಿತಿ' ಎಂದು ನೇಮಿಸಿದರು. (ಉಪಸಮಿತಿಯ ಅಧ್ಯಕ್ಷ ನಾನು, ಸದಸ್ಯನೂ ನಾನು, ಕೋರಂಗೆ ಎಂದೂ ಕೊರತೆಯಾಗಲಿಲ್ಲ.)

ಜಗುಲಿಯ ಮೇಲೆ ಗೋಣಿ ಹಾಸಿ ಕೂತೆ. ಚೌಕ ಗಲ್ಲದ, ನೀಲಿ ಕಣ್ಣಿನ, ಬೆನ್ನಿಗೆ ಬಟ್ಟೆ ಕಟ್ಟಿದ ಗಟ್ಟಿಮುಟ್ಟು ಗಂಡಸರನ್ನು ಬಲಕ್ಕೆ ಇಟ್ಟೆ. ಎಂಥಾ ಮಾಲು ಅಂತೀರಿ, ಒಬ್ಬನಿಗೂ ಇನ್ನೊಬ್ಬನಿಗೂ ಕೂದಲೆಳೆಯ ವ್ಯತ್ಯಾಸವಿಲ್ಲ. ಉಳಿದದ್ದೆಲ್ಲ ಎಡಕ್ಕೆ. ಅಲ್ಲಿ ಯಾರಿಲ್ಲ ಹೇಳಿ! ರೈಲನ್ನು ಒಂದೇ ಕೈಯಲ್ಲಿ ನಿಲ್ಲಿಸುವ ಬಿಳಿಗೂದಲ ಅಜ್ಜಿ, ಕಪ್ಪು ಬಣ್ಣದ ಅವಳಿ ಅಕ್ಕತಂಗಿಯರು, ಊರುಗೋಲಿನಿಂದ ಸೇತುವೆ ಎತ್ತಿ ಹಿಡಿದ ಒಂಟಿ ಕಾಲಿನವನು, ತಲೆಗೆ ವಸ್ತ್ರ ಸುತ್ತಿಕೊಂಡು ಮರುಭೂಮಿಯ ಗಾಳಿಯನ್ನೇ ಮುಷ್ಟಿಯಲ್ಲಿ ಹಿಡಿದ ಹುಡುಗಿ, ಕಿವಿ ಕೇಳದಿದ್ದರೂ ನೆಲಕ್ಕೆ ಅಂಗೈಯಿಟ್ಟು ಕಳ್ಳನ ಹೆಜ್ಜೆ ಪತ್ತೆ ಮಾಡುವ ಇನ್ನೊಬ್ಬಳು.

ವೇದಾ ಚಹಾ ತಂದವಳು ಬಲಗಡೆಯ ಕಟ್ಟನ್ನು ನೋಡಿದಳು.

"ಇದೆಂತ ಮಾರಾಯ್ರೇ, ಒಬ್ಬನೇ ಮನುಷ್ಯ ಬೇರೆ ಬೇರೆ ಅಂಗಿ ಹಾಕ್ಕಂಡು ಫೋಟೊ ತೆಗೆಸ್ಕಂಡಾಂಗೆ ಇದ್ದು."

"ಅದಕ್ಕೇ ರಾಶಿ ಹೇಳದು. ಒಂದೇ ದರ್ಜೆ."

"ಆ ಬದಿಗೆ ಇಪ್ಪುದು?"

"ಗೋಟು. ನೀರೊಲೆಗೆ ಹಾಕು."

"ಈ ಅಜ್ಜಿಯೂ ಗೋಟಾ?"

"ಮತ್ತೆಂತ? ಮುದುಕಿ ರೈಲು ನಿಲ್ಲಿಸ್ತು ಅಂದ್ರೆ ಯಾರಾದ್ರೂ ನಂಬ್ತ್ವನೆ?"

"ಗಂಡಸು ಹಕ್ಕಿ ಹಾಂಗೆ ಹಾರ್ತ ಅಂದ್ರೆ ನಂಬ್ತ್ರಾ?"

ನನಗೆ ವಖಾರಿಗೆ ಹೊತ್ತಾಗಿತ್ತು. (ಉತ್ತರ ಹೊಳೆಯದಾಗಲೆಲ್ಲ ನನಗೆ ವಖಾರಿಗೆ ಹೊತ್ತಾಗುತ್ತದೆ.)

ಮಗಳು ಬಲಗಡೆಯ ಕಟ್ಟನ್ನು ಪುಟ ಪುಟ ತಿರುವಿ ನೋಡಿ ಮುಖ ಸಣ್ಣ ಮಾಡಿಕೊಂಡಳು. "ಅಪ್ಪಯ್ಯ, ಇದ್ರಲ್ಲಿ ಯನ್ನಾಂಗೆ ಇಪ್ಪವು ಯಾರೂ ಇಲ್ಯನ?"

"ಇದ್ದಲೇ, ಇಲ್ನೋಡು ಹುಡುಗಿ" ಎಂದು ಒಂದು ಪುಟ ತೋರಿಸಿದೆ.

"ಅದು ತಲೆತಿರುಗಿ ಬಿದ್ದದ್ದು. ಅವ ಹೆಗಲ ಮೇಲೆ ಹಾಕ್ಕಂಡು ಹೋಗ್ತಾ ಇದ್ದ. ಮುಂದಿನ ಪುಸ್ತಕದಲ್ಲೂ ಬೀಳ್ತು. ಅದರ ಮುಂದಿಂದ್ರಲ್ಲೂ ಬೀಳ್ತು."

"ಬಿಸಿಲು ಜೋರಿದ್ದಿಕ್ಕು" ಎಂದೆ. ಈಗ ಯೋಚಿಸಿದರೆ ಆ ಮಾತಿಗೆ ನನ್ನ ಬಾಯಿಗೇ ಬಡಿದುಕೊಳ್ಳಬೇಕು ಅನ್ನಿಸುತ್ತದೆ. ಆದರೆ ಆಗ ನಾನು ಶಿಫಾರಸು ಬರೆಯುವ ಉತ್ಸಾಹದಲ್ಲಿದ್ದೆ. 'ಏಕರೂಪದ, ನಿರ್ದೋಷವಾದ, ಉತ್ತಮ ದರ್ಜೆಯ ವೀರಾಧಿವೀರರು' ಎಂದು ಬರೆದು, ಅಡಿಯಲ್ಲಿ ಎರಡು ಗೆರೆ ಎಳೆದು, ಕಟ್ಟನ್ನು ಕಪಾಟಿನಲ್ಲಿ ಜೋಡಿಸಿಟ್ಟು ಬಂದೆ.

ಮೊದಲ ದಿನ ಮಕ್ಕಳು ಓಡಿ ಬಂದವು. ಎರಡನೆಯ ದಿನ ನಡೆದು ಬಂದವು. ಆಮೇಲೆ ಬರಲೇ ಇಲ್ಲ. ದಾರಿಯಲ್ಲಿ ಸಿಕ್ಕ ಜಹಾಂಗೀರನ ಮಗಳು ಅಸ್ಫಿಯಾಳನ್ನು ಹಿಡಿದು ಕೇಳಿದೆ. "ಒಂದು ಓದಿದ್ರೆ ಎಲ್ಲಾ ಓದಿದಂಗೇ ಅಂಕಲ್" ಎಂದು ಹೇಳಿ ಓಡಿದಳು. ಮಾಲಿನ ಬಗ್ಗೆ ಹಾಗೆ ಹೇಳಿದ್ದರೆ ವಖಾರಿಯಲ್ಲಿ ನನಗೆ ಶಾಲು ಹೊದೆಸುತ್ತಿದ್ದರು.

ರಜೆ ಕರಗುತ್ತಾ ಬಂತು. ಕಪಾಟಿನ ಬಾಗಿಲಿಗೆ ಜೇಡ ಬಲೆ ಕಟ್ಟಿತು. ಕೇರಂ ಬೋರ್ಡಂತೂ ಆಗಲೇ ಬಂದು ಗೋಡೆಗೆ ಒರಗಿ ಕಾಯುತ್ತಿತ್ತು. ಅಭಿಜ್ಞಾ ನನ್ನೊಡನೆ ಮಾತು ಬಿಟ್ಟಳು. ಚಹಾಕ್ಕೆ ಕರೆಯುವುದಾದರೂ "ಆಯೀ, ಅವರಿಗೆ ಚಹಾ ಆತಡ ಹೇಳು" ಎಂದು ತಾಯಿಯ ಮೂಲಕ ಸುತ್ತು ಬಳಸಿ ಹೇಳುವಳು. ಅಪ್ಪಯ್ಯ ಹೋಗಿ 'ಅವರು' ಆಗಿಬಿಟ್ಟೆ. ಸುಳ್ಳು ಹೇಳುವುದಿಲ್ಲ, ದಾರಿಯಲ್ಲಿ ಹೋಗುವ ಮಕ್ಕಳಿಗೆ ಪೆಪ್ಪರಮಿಂಟು ತೋರಿಸಿ ವಾಚನಾಲಯಕ್ಕೆ ಕರೆದೆ. ಪೆಪ್ಪರಮಿಂಟು ತಿಂದು ಹೋದವು.

ರಜೆಯ ಕೊನೆಯ ಶನಿವಾರ ನಾಗಪ್ಪ ಮಾಸ್ತರು ವಖಾರಿಗೇ ಬಂದರು. "ಹೆಗಡೆ, ನಡಿ ನಿಮ್ಮನೆಗೆ. ಕಪಾಟು ಖಾಲಿ ಮಾಡ್ತೀವಿ ಅಂತ ನಿನ್ನ ಮಗಳಿಗೆ ನಾನೇ ಹೇಳ್ತೇನೆ. ಮಾತು ಕೊಟ್ಟವನು ನಾನು." ಇಬ್ಬರೂ ಓಣಿ ಹಿಡಿದು ಬಂದೆವು.

ಮನೆ ಕಂಡಿತು. ಬಾಗಿಲಲ್ಲಿ ಚಪ್ಪಲಿಗಳ ಗುಡ್ಡೆ! ಸಣ್ಣದು, ದೊಡ್ಡದು, ಹರಿದದ್ದು, ಉಂಗುಷ್ಠ ಕಿತ್ತದ್ದು, ಮೆಟ್ಟಿಲಿಳಿದು ರಸ್ತೆಗೂ ಬಂದಿವೆ. ನನ್ನ ಜೀವ ಧಸಕ್ಕೆಂದಿತು. ಇಷ್ಟು ಚಪ್ಪಲಿ ಒಂದು ಮನೆಯ ಮುಂದೆ ಬೀಳುವುದು ಎರಡೇ ಕಾರಣಕ್ಕೆ. ನಮ್ಮ ಮನೆಯಲ್ಲಿ ಮದುವೆಯಂತೂ ಇರಲಿಲ್ಲ.

"ಯಾರು ಹೋದ್ರೋ..." ಎಂದು ಮಾಸ್ತರು ಮೆಲ್ಲಗೆ ನನ್ನ ಹೆಗಲ ಮೇಲೆ ಕೈಯಿಟ್ಟರು.

"ವೇದಾ!" ಎಂದು ಕೂಗಿ ಒಳಗೆ ನುಗ್ಗಿದೆ.

"ಶ್! ಮೆತ್ತಗೆ!" ಎಂದಳು ವೇದಾ, ಜೀವಂತವಾಗಿ, ಸಿಟ್ಟಿನಿಂದ. "ರೈಲು ಈಗ ಸೇತುವೆ ಹತ್ರ ಬಂಜು!"

ನಡುಮನೆ ತುಂಬ ಮಕ್ಕಳು. ನಡುವೆ ನೀರೊಲೆಗೆ ಹೋಗಬೇಕಿದ್ದ ಗೋಟಿನ ಚೀಲ. ವೇದಾ ಇಂಗ್ಲಿಷು ಪುಸ್ತಕದ ಚಿತ್ರ ತೋರಿಸುತ್ತಾ ನಮ್ಮ ಮಾತಿನಲ್ಲಿ ಕಥೆ ಹೇಳುತ್ತಿದ್ದಾಳೆ, ಅವಳಿಗೆ ತಿಳಿಯದ ಕಡೆ ಅಭಿಜ್ಞಾ ಶಬ್ದ ಹೇಳಿಕೊಡುತ್ತಿದ್ದಾಳೆ. ಇನ್ನೊಂದು ಮೂಲೆಯಲ್ಲಿ ಜಹಾಂಗೀರನ ಹೆಂಡತಿ ಖುರ್ಷಿದಾ ಹಿಂದಿಯದನ್ನು ಹಿಡಿದು ಕೂತಿದ್ದಾಳೆ. ಅಸ್ಫಿಯಾ ಮರುಭೂಮಿಯ ಹುಡುಗಿಯ ಪುಸ್ತಕವನ್ನು ಎದೆಗವಚಿಕೊಂಡು, "ಇದು ನಾನು, ಯಾರಿಗೂ ಕೊಡೋದಿಲ್ಲ" ಎನ್ನುತ್ತಿದ್ದಾಳೆ. ತರಕಾರಿ ಬುಟ್ಟಿ ಬಾಗಿಲಲ್ಲಿಟ್ಟು ಬಂದ ಹಾನಗಲ್ ಕಡೆಯ ನೀಲಗಂಗವ್ವ ಎಲ್ಲರಿಗಿಂತ ಮುಂದೆ ಕೂತು ಅಜ್ಜಿಯ ಚಿತ್ರಕ್ಕೆ ಕಣ್ಣು ನೆಟ್ಟಿದ್ದಾಳೆ.

"ಇಕಿ ನಮ್ಮ ಊರಾಕಿನ ಇರಬೇಕ್ ನೋಡ್ರಿ. ಆ ರೈಲಿನ್ಯಾಗ ಟಿಕೀಟ ಕೊಡೂ ಮಂದೀಗೂ ಎರಡು ಬಿಗಿ ಅನ್ರಿ ಆಕೀಗೆ!"

ಕಾಲು ಸರಿಯಿಲ್ಲದೆ ಆಟಕ್ಕೆ ಹೋಗದ ಓಣಿಯ ಹುಡುಗ ಸಂದೇಶನೂ ಇದ್ದ. ಅವನ ಕೈಗೆ ವೇದಾ ಊರುಗೋಲಿನವನನ್ನು ಕೊಟ್ಟಿದ್ದಳು. ಅವನು ಯಾರನ್ನೂ ನೋಡದೆ, ಒಂದೇ ಪುಟವನ್ನು ಬಿಡದೆ ನೋಡುತ್ತಿದ್ದ. ಇದನ್ನೇ ನಾನು ನೀರೊಲೆಗೆ ಹಾಕು ಎಂದಿದ್ದು.

"ಯಾವಾಗಿಂದ ಇದು?" ಎಂದೆ.

"ನೀವು ಪೆಪ್ಪರಮಿಂಟು ಹಂಚಲೆ ಶುರು ಮಾಡಿದಾಗಿಂದ. ಮಕ್ಕ ಅದನ್ನ ತಿಂದು ಸೀದಾ ಇಲ್ಲಿಗೇ ಬತ್ತಿದ್ದ."

ನಾಗಪ್ಪ ಮಾಸ್ತರು ಅಜ್ಜಿಯ ಪುಸ್ತಕ ಇಸಿದುಕೊಂಡು, ನಿಂತಲ್ಲೇ ಓದಿ, ಕನ್ನಡಕ ಒರೆಸಿ, "ರೈಲು ನಿಂತತೇನ್ರಿ?" ಎಂದು ಕೇಳಿದ ನೀಲಗಂಗವ್ವನಿಗೆ "ನಿಂತಿತು" ಎಂದು ಭರವಸೆ ಕೊಟ್ಟರು. ಆಮೇಲೆ ಘೋಷಿಸಿದರು. "ಕಪಾಟು ಮಕ್ಕಳದ್ದೇ. ಈ ಚೀಲ ನಾಳೆಯೇ ಅಲ್ಲಿಗೆ ಹೋಗಲಿ. ಮತ್ತೆ ವೇದಮ್ಮ ನಮ್ಮ ಕಮಿಟಿಗೆ ಬರಬೇಕು."

ಮಕ್ಕಳು ಕೂಗಿದ ಕೂಗಿಗೆ ಹೆಂಚು ಹಾರುವುದೊಂದು ಬಾಕಿ. ನಾನೂ ಚಪ್ಪಾಳೆ ತಟ್ಟಿದೆ. ಇನ್ನು ಗಂಡ ಹೆಂಡತಿ ಜೋಡಿಯಾಗಿ ಮೀಟಿಂಗಿಗೆ ಹೋಗುವ ಚಿತ್ರ ಕಣ್ಣ ಮುಂದೆ ಬಂತು.

"ಖುರ್ಷಿದಾ ಬಂದ್ರೆ ಆನೂ ಬತ್ತೆ. ಒಬ್ಬಳೇ ಬಪ್ಪವಳಲ್ಲ" ಎಂದಳು ವೇದಾ. ಖುರ್ಷಿದಾ ಸೆರಗು ಬಾಯಿಗೆ ಹಿಡಿದು, "ಅಯ್ಯೋ ವೇದಕ್ಕಾ!" ಎಂದಳಾದರೂ ಬೇಡ ಎನ್ನಲಿಲ್ಲ.

"ಇಬ್ಬರೂ ಬನ್ನಿ. ಆದರೆ ನಿಯಮದ ಪ್ರಕಾರ ಐದೇ ಜನ. ಇಬ್ಬರನ್ನ ಕೆಳಗಿಳಿಸಬೇಕು" ಎಂದು ಮಾಸ್ತರು ಗಡ್ಡ ಕೆರೆದುಕೊಂಡರು. "ನಮ್ಮ ಐವರಲ್ಲಿ ದಿನಕರ ಹೇಗೂ ಮೀಟಿಂಗಿಗೆ ಬರೋದಿಲ್ಲ, ಅವನು ಸರಿ. ಇನ್ನೊಬ್ಬ ಯಾರು? ನಾವೆಲ್ಲ ಬೋಳುತಲೆ, ಎಲ್ಲರಿಗೂ ಕನ್ನಡಕ, ಎಲ್ಲರದೂ ಬಿಳಿ ಅಂಗಿ, ಎಲ್ಲರ ಕಂಕುಳಲ್ಲೂ ಕೊಡೆ. ವೇದಮ್ಮ, ನಿಮ್ಮ ಯಜಮಾನರಲ್ಲಿ ಉಳಿದವರಿಗೆ ಇಲ್ಲದ್ದು ಏನಾದರೂ ಇದ್ದರೆ ಹೇಳಿ, ಅವರನ್ನೇ ಇಟ್ಟುಕೊಳ್ಳೋಣ."

ವೇದಾ ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿದಳು. ಪಾಪ, ಮನಸ್ಸಿಟ್ಟು ಹುಡುಕಿದಳು. ನನಗಾಗಿ ಅವಳು ಅಷ್ಟು ಕಷ್ಟಪಟ್ಟದ್ದನ್ನು ನಾನು ಕಂಡಿರಲಿಲ್ಲ.

"ಗೊರಕೆ ಹೊಡೀತ್ರು" ಎಂದಳು ಕೊನೆಗೆ.

"ಮೀಟಿಂಗಲ್ಲಿ ಅದನ್ನೂ ಎಲ್ಲರೂ ಹೊಡೀತೇವೆ" ಎಂದು ಮಾಸ್ತರು ನಿಟ್ಟುಸಿರು ಬಿಟ್ಟರು.

ಹೀಗೆ ನಾನು ಕಮಿಟಿಯಿಂದ ಹೊರಗಾದೆ. ಹೊಸ ಕಮಿಟಿಗೆ ಚಹಾ ಕಾಸುವ ಉಪಸಮಿತಿಗೆ ಮಾತ್ರ ನನ್ನನ್ನು ಅವಿರೋಧವಾಗಿ ಆರಿಸಿದರು. ಎಲ್ಲರೂ ಹೋದ ಮೇಲೆ ಜಗುಲಿಯಲ್ಲಿ ಒಬ್ಬನೇ ಕೂತಿದ್ದೆ. ಅಭಿಜ್ಞಾ ಬಂದು ಪಕ್ಕದಲ್ಲಿ ಕೂತಳು.

"ಅಪ್ಪಯ್ಯ, ಬೇಜಾರಾತಾ?"

ಆ ಒಂದು 'ಅಪ್ಪಯ್ಯ'ನಿಗೆ ನಾನು ಇನ್ನೂ ನಾಲ್ಕು ಕಮಿಟಿ ಬಿಡಲು ತಯಾರಿದ್ದೆ. ಆದರೂ ಸ್ವಲ್ಪ ಬಿಗುಮಾನದಿಂದ ಕೇಳಿದೆ. "ಎಲ್ಲರಿಗೂ ಅವರವರ ಹಾಂಗೆ ಇಪ್ಪವು ಆ ಚೀಲದಲ್ಲಿ ಸಿಕ್ಕಿದ. ಯನ್ನಾಂಗೆ ಇಪ್ಪವ ಒಬ್ಬನೂ ಇಲ್ಯನೆ?"

ಅವಳ ಕಣ್ಣು ಹೊಳೆಯಿತು. "ಇದ್ದ ಅಪ್ಪಯ್ಯ! ಎಲ್ಲಾ ಪುಸ್ತಕದಲ್ಲೂ ಇದ್ದ!"

ಓಡಿ ಹೋಗಿ ಒಂದು ಕಟ್ಟನ್ನೇ ತಂದು ಸುರಿದಳು. ಅವಳಿ ಅಕ್ಕತಂಗಿಯರದ್ದು ತೆಗೆದು ತೋರಿಸಿದಳು. ಹೌದು, ಬೋಳುತಲೆ, ಕನ್ನಡಕ, ಬಿಳಿ ಅಂಗಿ, ಕಂಕುಳಲ್ಲಿ ಕೊಡೆ. ನನ್ನ ಎದೆ ಉಬ್ಬಿತು.

"ಇವಂಗೆ ಎಂತ ಶಕ್ತಿ ಇದ್ದು?"

"ಎಂತದೂ ಇಲ್ಲೆ. ಕಳ್ಳರು ಇವನ ಚೀಲ ಕಸ್ಕಂಡು ಹೋಗ್ತ. ಇವ ಬೀದಿ ನಡುವೆ ನಿಂತ್ಕಂಡು 'ಕಾಪಾಡಿ, ಕಾಪಾಡಿ' ಹೇಳಿ ಕೂಗ್ತ. ಆಮೇಲೆ ಆ ಹುಡ್ಗೀರು ಬಂದು ಕಾಪಾಡ್ತ."

ನಾನು ಅಜ್ಜಿಯದ್ದು ತೆಗೆದು ನೋಡಿದೆ. ರೈಲಿನ ಕಿಟಕಿಯಿಂದ ಕೈ ಹೊರಗೆ ಚಾಚಿ ಬಾಯಿ ಬಡಿದುಕೊಳ್ಳುತ್ತಿದ್ದವನು ನಾನೇ.